ಓದುಗರ ಪ್ರಶ್ನೆಗೆ ಅರ್ಥಶಾಸ್ತ್ರದ ಉತ್ತರ: ಗ್ಯಾರಂಟಿಯ ಹಣ, ಮಾರುಕಟ್ಟೆಯ ಪೈಪೋಟಿ

ಈ ಬಾರಿಯ ಪ್ರಶ್ನೆಗಳು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿವೆ. ಕೆಲವರು ಕಲ್ಯಾಣ ಯೋಜನೆಗಳ ಬಗ್ಗೆ ಕೇಳಿದ್ದಾರೆ, ಕೆಲವರು ವರ್ತಕರ ಪೈಪೋಟಿಯ ಬಗ್ಗೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಸರ್ಕಾರ ಕೊಡುವ ಒಂದು ರೂಪಾಯಿ ಪಡೆದವರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು, ಅವರ ಎದುರಿಗೆ ಎಷ್ಟು ಮಂದಿ ಕೊಳ್ಳುವವರು, ಮಾರುವವರು, ಕೆಲಸ ಕೊಡುವವರು ಇದ್ದಾರೆ ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಗ್ಯಾರಂಟಿ ಯೋಜನೆಗಳು ಬಂದ ಮೇಲೆ ತೋಟಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇದಕ್ಕೆ ಸಂಶೋಧನೆಯ ಆಧಾರವಿದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಈ ಮಾತಿನಲ್ಲಿ ಎರಡು ಬೇರೆ ಬೇರೆ ಹೇಳಿಕೆಗಳಿವೆ. ಹಣ ಸಿಕ್ಕಿದರೆ ಜನ ದುಡಿಯುವುದನ್ನು ಬಿಡುತ್ತಾರೆ ಎಂಬುದು ಒಂದು. ಕೂಲಿ ಏರುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರ ಬಲು ದುರ್ಬಲ. ಅಭಿಜಿತ್ ಬ್ಯಾನರ್ಜಿ, ರೀಮಾ ಹನ್ನಾ, ಗೇಬ್ರಿಯಲ್ ಕ್ರೈಂಡ್ಲರ್ ಮತ್ತು ಬೆಂಜಮಿನ್ ಓಲ್ಕೆನ್ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ದೇಶಗಳ 7 ಸರ್ಕಾರಿ ನಗದು ಯೋಜನೆಗಳ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ನಗದು ಪಡೆದವರು ದುಡಿಮೆಯನ್ನು ಕಡಿಮೆ ಮಾಡಿದರೆಂಬುದಕ್ಕೆ ಅಲ್ಲಿ ವ್ಯವಸ್ಥಿತವಾದ ಸಾಕ್ಷ್ಯ ಸಿಗಲಿಲ್ಲ. ಇವು ಕರ್ನಾಟಕದ ಪ್ರಯೋಗಗಳಲ್ಲ ಎಂಬುದನ್ನು ನೆನಪಿಡಬೇಕು. ನಮ್ಮ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಇಡೀ ರಾಜ್ಯಕ್ಕೆ ಒಮ್ಮೆಲೇ ಜಾರಿಯಾದ್ದರಿಂದ, ಹಣ ಪಡೆದ ಊರನ್ನು ಪಡೆಯದ ಊರಿನೊಂದಿಗೆ ಹೋಲಿಸಿ ನೋಡುವ ಅವಕಾಶವೇ ಇಲ್ಲವಾಯಿತು.

ಎರಡನೆಯ ಹೇಳಿಕೆ, ಅಂದರೆ ಕೂಲಿ ಏರುತ್ತದೆ ಎಂಬುದು, ನಿಜವಿರಬಹುದು. ಅದು ಏಕೆ ಏರುತ್ತದೆ ಎಂಬುದೇ ಇಲ್ಲಿ ಮುಖ್ಯ. ಇದಕ್ಕೆ ಅತ್ಯುತ್ತಮ ಸಾಕ್ಷ್ಯ ನಮ್ಮ ನೆರೆಯಲ್ಲೇ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಕೂಲಿಯನ್ನು ಬೆರಳಚ್ಚಿನ ಸ್ಮಾರ್ಟ್ ಕಾರ್ಡ್ ಮೂಲಕ ಪಾವತಿಸುವ ಸುಧಾರಣೆಯನ್ನು ಅವಿಭಜಿತ ಆಂಧ್ರಪ್ರದೇಶ ಕೈಗೊಂಡಾಗ, ಯಾವ ಮಂಡಲಕ್ಕೆ (ತಾಲ್ಲೂಕಿನಂಥ ಆಡಳಿತ ವಿಭಾಗಕ್ಕೆ) ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಈ ಅಧ್ಯಯನದ ವ್ಯಾಪ್ತಿಯಲ್ಲಿದ್ದ ಜನಸಂಖ್ಯೆ ಸುಮಾರು 1.9 ಕೋಟಿ. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖಟಣಕರ್ ಅವರು ಫಲಿತಾಂಶವನ್ನು ಅಳೆದಾಗ, ಯೋಜನೆಯ ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಹೆಚ್ಚಿತ್ತು. ಆ ಹೆಚ್ಚಳದಲ್ಲಿ ಶೇ 86ರಷ್ಟು ಬಂದದ್ದು ಸರ್ಕಾರಿ ಕೆಲಸದಿಂದಲ್ಲ, ಖಾಸಗಿ ಕೆಲಸದಿಂದ. ಖಾಸಗಿ ಕೂಲಿ ಏರಿತು. ಅದರ ಜೊತೆಗೆ, ಪಠ್ಯಪುಸ್ತಕದ ಲೆಕ್ಕಕ್ಕೆ ವಿರುದ್ಧವಾಗಿ, ಖಾಸಗಿ ಉದ್ಯೋಗವೂ ಏರಿತು.

ಕೂಲಿ ದುಬಾರಿಯಾದಾಗ ಮಾಲೀಕರು ಹೆಚ್ಚು ಜನರನ್ನು ಕರೆಯುವುದು ಹೇಗೆ ಸಾಧ್ಯ? ಒಂದು ತೋಟದ ಲೆಕ್ಕವನ್ನು ಉದಾಹರಣೆಗೆ ಹಿಡಿಯೋಣ. ದಿನಕ್ಕೆ 450 ರೂಪಾಯಿಯಂತೆ 20 ಜನ ಕೆಲಸ ಮಾಡುತ್ತಿದ್ದಾರೆ. ಇಪ್ಪತ್ತೊಂದನೆಯವರು ಬರಬೇಕಾದರೆ 480 ಕೇಳುತ್ತಾರೆ. ಒಬ್ಬರಿಗೆ 480 ಕೊಟ್ಟು ಉಳಿದವರಿಗೆ 450 ಕೊಟ್ಟರೆ ತೋಟದಲ್ಲಿ ಜಗಳವಾಗುತ್ತದೆ, ಆದ್ದರಿಂದ ಎಲ್ಲರಿಗೂ 30 ರೂಪಾಯಿ ಏರಿಸಬೇಕು. ಹಾಗಾಗಿ ಆ ಒಬ್ಬರಿಂದ ಮಾಲೀಕರಿಗೆ ಬೀಳುವ ನಿಜವಾದ ಖರ್ಚು 480ಕ್ಕೆ 600 ಸೇರಿ 1,080 ರೂಪಾಯಿ. ಅವರ ದಿನದ ದುಡಿಮೆಯ ಬೆಲೆ 700 ರೂಪಾಯಿಯಾದರೂ ಮಾಲೀಕರು ಅವರನ್ನು ಕರೆಯುವುದಿಲ್ಲ. ಸುತ್ತಮುತ್ತ ಕೆಲಸ ಕೊಡುವವರು ನಾಲ್ಕೇ ಜನ ಇರುವ ಕಡೆ ಹೀಗೆ ಕೂಲಿಯೂ ಕೆಳಗೇ ಉಳಿಯುತ್ತದೆ, ಕೆಲಸವೂ ಕಡಿಮೆಯಾಗುತ್ತದೆ. ಸರ್ಕಾರಿ ಕೆಲಸ ಸರಿಯಾಗಿ ಸಿಕ್ಕು, 480ಕ್ಕಿಂತ ಕಡಿಮೆಗೆ ಯಾರೂ ಬರುವುದಿಲ್ಲ ಎಂದಾದರೆ, 20 ಜನರಿಗೂ ಹೇಗಿದ್ದರೂ 480 ಕೊಡಲೇಬೇಕಾಗುತ್ತದೆ. ಆಗ ಇಪ್ಪತ್ತೊಂದನೆಯವರ ಖರ್ಚು ಬರೀ 480 ಆಗಿ, ಅವರಿಗೂ ಕರೆ ಹೋಗುತ್ತದೆ. ಆಂಧ್ರದಲ್ಲಿ ಭೂಮಿ ಕೆಲವರ ಕೈಯಲ್ಲೇ ಹೆಚ್ಚಾಗಿ ಸೇರಿಕೊಂಡಿದ್ದ ಹಳ್ಳಿಗಳಲ್ಲಿ ಕೂಲಿ ಮತ್ತು ಉದ್ಯೋಗ ಎರಡೂ ಹೆಚ್ಚು ಏರಿದವು ಎಂಬ ಅಂಶ ಈ ವಿವರಣೆಗೆ ಒತ್ತಾಸೆಯಾಗಿದೆ. ಅಂದರೆ ಒಂದು ಕಲ್ಯಾಣ ಯೋಜನೆ ಅಲ್ಲಿ ಪೈಪೋಟಿಯ ನೀತಿಯ ಕೆಲಸವನ್ನೂ ಮಾಡಿತು.

ಮಲೆನಾಡಿನಲ್ಲಿ ಲೈನ್ ಮನೆಯ (ತೋಟದೊಳಗೆ ಮಾಲೀಕರು ಕೊಟ್ಟ ಸಾಲು ಮನೆಯ) ವಾಸ, ಮುಂಗಡದ ಸಾಲ ಮತ್ತು ದೂರದ ಊರುಗಳಿಂದ ಬಂದವರಿಗೆ ಬೇರೆ ತೋಟದ ಪರಿಚಯವಿಲ್ಲದಿರುವುದು, ಈ ಮೂರೂ ಮಾಲೀಕರ ಚೌಕಾಸಿಯ ಬಲವನ್ನು ಹೆಚ್ಚಿಸುತ್ತವೆ. ತಿಂಗಳಿಗೆ 2,000 ರೂಪಾಯಿ ಖಾತೆಗೆ ಬರುವ ಹೆಣ್ಣುಮಗಳು ಕಡಿಮೆ ಕೂಲಿಗೆ ಬರಲಾರೆ ಎಂದು ಹೇಳುವ ಧೈರ್ಯ ಪಡೆದರೆ, ಅದನ್ನು ಸೋಮಾರಿತನ ಎಂದು ಕರೆಯುವುದು ನನಗೆ ಒಪ್ಪಿತವಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ಸಂಕಟವನ್ನೂ ನಾನು ತಳ್ಳಿಹಾಕುವುದಿಲ್ಲ. ಮೂರು ನಾಲ್ಕು ಎಕರೆಯ ಬೆಳೆಗಾರರಿಗೆ ಕೂಲಿಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ತೀರ್ಮಾನವಾಗುವುದರಿಂದ ಏರಿದ ಕೂಲಿಯನ್ನು ಅವರು ಮುಂದಕ್ಕೆ ದಾಟಿಸಲೂ ಆಗುವುದಿಲ್ಲ. ಅಂಥವರಿಗೆ ಕೂಲಿಯ ಏರಿಕೆ ನಿಜವಾದ ಹೊರೆಯೇ. ಒಬ್ಬರ ತೋಟದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಮುಯ್ಯಾಳು ಪದ್ಧತಿಯನ್ನು ಕೊಯ್ಲಿನ ಕಾಲಕ್ಕಾದರೂ ಮತ್ತೆ ರೂಢಿಗೆ ತರುವುದು, ಕಳೆ ಯಂತ್ರಗಳನ್ನು ಕೂಡಿ ಕೊಳ್ಳುವುದು, ಇವುಗಳಿಗೆ ಸರ್ಕಾರದ ನೆರವು ಕೇಳುವುದು ಗ್ಯಾರಂಟಿಗಳನ್ನು ನಿಲ್ಲಿಸಿ ಎನ್ನುವುದಕ್ಕಿಂತ ನ್ಯಾಯವಾದ ಬೇಡಿಕೆ.

ಪ್ರಶ್ನೆ: ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ಸ್ವಲ್ಪ ಕಾಲ ಹಣ ಕೊಟ್ಟು, ಮತ್ತೆ ಅಕ್ಕಿಗೇ ಮರಳಿದರು. ಅರ್ಥಶಾಸ್ತ್ರಜ್ಞರು ಹಣವೇ ಮೇಲು ಎನ್ನುತ್ತಾರಲ್ಲ?
— ಸ್ವಸಹಾಯ ಸಂಘದ ಸದಸ್ಯೆ, ಬೇಲೂರು

ಉತ್ತರ: ಹಾಗೆ ಸಾರಾಸಗಟಾಗಿ ಹೇಳುವವರು ಈಗ ಕಡಿಮೆ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಬರುತ್ತಿತ್ತು. 2025ರ ಆರಂಭದಲ್ಲಿ ಸರ್ಕಾರ ಅಕ್ಕಿಗೆ ಮರಳಿತು. ಹಣದ ಪರವಾದ ವಾದ ಸರಳ: ಹಾಸನದ ಬಯಲು ಸೀಮೆಯ ಮನೆಗೆ ಅಕ್ಕಿಗಿಂತ ರಾಗಿ ಬೇಕಿರಬಹುದು, ಮಗುವಿನ ಹಾಲಿಗೆ ಬೇಕಿರಬಹುದು, ಆಯ್ಕೆ ಮನೆಯವರದ್ದಾಗಲಿ ಎಂಬುದು. ಈ ವಾದದಲ್ಲಿ ಒಂದು ಮೌನವಾದ ಊಹೆ ಅಡಗಿದೆ. ಹಣ ಹಿಡಿದು ಹೋದವರಿಗೆ ಅಂಗಡಿಯಲ್ಲಿ ಹಿಂದಿನ ಬೆಲೆಗೇ ಪದಾರ್ಥ ಸಿಗುತ್ತದೆ ಎಂಬುದೇ ಆ ಊಹೆ.

ಮೆಕ್ಸಿಕೋ ಸರ್ಕಾರದ ಒಂದು ಆಹಾರ ನೆರವಿನ ಯೋಜನೆ ಇದನ್ನು ಪರೀಕ್ಷಿಸಲು ನೆರವಾಯಿತು. ಸುಮಾರು 200 ಹಳ್ಳಿಗಳಲ್ಲಿ ಕೆಲವಕ್ಕೆ ಮೆಕ್ಕೆಜೋಳದ ಹಿಟ್ಟು, ಅಕ್ಕಿ, ಬೀನ್ಸ್, ಹಾಲಿನ ಪುಡಿ ಇದ್ದ ಪೆಟ್ಟಿಗೆಯನ್ನು ಕೊಟ್ಟರು, ಕೆಲವಕ್ಕೆ ನಗದು ಕೊಟ್ಟರು. ಜೆಸ್ಸಿ ಕುನ್ಹಾ, ಜಿಯಾಕೊಮೊ ಡಿ ಜಾರ್ಜಿ ಮತ್ತು ಸೀಮಾ ಜಯಚಂದ್ರನ್ ಅವರು ಅಂಗಡಿಗಳ ಬೆಲೆಯನ್ನು ಅಳೆದಾಗ, ನಗದು ಪಡೆದ ಹಳ್ಳಿಗಳಿಗಿಂತ ಪದಾರ್ಥ ಪಡೆದ ಹಳ್ಳಿಗಳಲ್ಲಿ ಆಹಾರದ ಬೆಲೆ ಕಡಿಮೆಯಿತ್ತು. ದೂರದ, ಅಂಗಡಿಗಳ ಪೈಪೋಟಿ ಇಲ್ಲದ ಹಳ್ಳಿಗಳಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಂಡಿತು. ಊರಿಗೆ ಅಕ್ಕಿಯ ಮೂಟೆ ಬಂದು ಇಳಿದರೆ, ಇರುವ ಒಂದೇ ಅಂಗಡಿಗೂ ಅದು ಪ್ರತಿಸ್ಪರ್ಧಿಯಾಗುತ್ತದೆ. ಹಣ ಬಂದರೆ ಆ ಅಂಗಡಿಗೆ ಗಿರಾಕಿ ಹೆಚ್ಚುತ್ತಾರೆ, ಪ್ರತಿಸ್ಪರ್ಧಿ ಹೆಚ್ಚುವುದಿಲ್ಲ. ಆದ್ದರಿಂದ ಬೇಲೂರು ಪೇಟೆಯಂಥ ಕಡೆ ಹಣವನ್ನೂ, ಘಟ್ಟದ ಅಂಚಿನ ಒಂಟಿ ಅಂಗಡಿಯ ಊರುಗಳಲ್ಲಿ ಪದಾರ್ಥವನ್ನೂ ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆಡಳಿತಕ್ಕೆ ಇದು ತೊಡಕಿನ ಕೆಲಸ, ಆದರೆ ಅಸಾಧ್ಯವಲ್ಲ.

ಪ್ರಶ್ನೆ: ಬಾಡಿಗೆದಾರರಿಗೆ ಸರ್ಕಾರ ನೆರವು ಕೊಟ್ಟರೆ ಅದೂ ಹೀಗೆಯೇ ಮನೆ ಮಾಲೀಕರ ಪಾಲಾಗುತ್ತದೆಯೇ?
— ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಫ್ರಾನ್ಸಿನಲ್ಲಿ ಬಹುಮಟ್ಟಿಗೆ ಹಾಗೆಯೇ ಆಯಿತು. 1990ರ ದಶಕದ ಆರಂಭದಲ್ಲಿ ಅಲ್ಲಿ ಬಾಡಿಗೆ ನೆರವನ್ನು ಹೆಚ್ಚು ಜನರಿಗೆ ವಿಸ್ತರಿಸಿದಾಗ ಏನಾಯಿತೆಂದು ಗೇಬ್ರಿಯೆಲ್ ಫಾಕ್ ಪರಿಶೀಲಿಸಿದರು. ಹೊಸದಾಗಿ ನೆರವು ಪಡೆದವರ ವಿಷಯದಲ್ಲಿ, ಹೆಚ್ಚುವರಿ ನೆರವಿನ ಪ್ರತಿ 100 ಯೂರೋಗೆ 78 ಯೂರೋ ಬಾಡಿಗೆಯ ಏರಿಕೆಯಲ್ಲಿ ಹೋಗಿತ್ತು. ಮನೆಗಳ ಸಂಖ್ಯೆ ಬೇಗ ಹೆಚ್ಚಲಾರದ್ದೇ ಅದಕ್ಕೆ ಕಾರಣ. ಮನೆ ಕಟ್ಟುವುದಕ್ಕೆ ದಾರಿ ಸುಗಮವಾಗಿರುವ ಪಟ್ಟಣದಲ್ಲಿ ಇದೇ ನೆರವು ಬಾಡಿಗೆದಾರರ ಕೈಯಲ್ಲಿ ಹೆಚ್ಚು ಉಳಿಯುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯ ಬಹುಪಾಲು ಹಾಲು ಸಹಕಾರಿ ಒಕ್ಕೂಟಕ್ಕೇ ಹೋಗುತ್ತದೆ. ಇದೂ ಏಕಸ್ವಾಮ್ಯವಲ್ಲವೇ?
— ಹೈನುಗಾರರು, ಚನ್ನರಾಯಪಟ್ಟಣ

ಉತ್ತರ: 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ದೊಡ್ಡವರಾಗಿರುವುದು ಅಪರಾಧವಲ್ಲ, ಆ ಬಲವನ್ನು ದುರುಪಯೋಗ ಮಾಡುವುದು ಅಪರಾಧ. ಒಕ್ಕೂಟದ ಒಡೆಯರು ಹಾಲು ಹಾಕುವವರೇ ಆಗಿರುವುದರಿಂದ ಉಳಿದ ಲಾಭ ಮರಳಿ ಅವರಿಗೇ ಸಲ್ಲಬೇಕು. ಖಾಸಗಿ ಡೇರಿಯವರೂ ಒಕ್ಕೂಟದ ದರವನ್ನು ನೋಡಿಯೇ ತಮ್ಮ ದರ ಕಟ್ಟಬೇಕಾಗುತ್ತದೆ. ಸಂಘದ ಲೆಕ್ಕ ಸದಸ್ಯರಿಗೆ ತೆರೆದಿರುವವರೆಗೆ ಮತ್ತು ಬೇರೆಯವರಿಗೆ ಹಾಲು ಹಾಕುವ ಸ್ವಾತಂತ್ರ್ಯ ನಿಮಗಿರುವವರೆಗೆ ನಾನು ಇದನ್ನು ಏಕಸ್ವಾಮ್ಯ ಎಂದು ದೂರುವುದಿಲ್ಲ.

ಪ್ರಶ್ನೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ನಮ್ಮ ಹೆಣ್ಣುಮಕ್ಕಳು ದುಡ್ಡು ಕೊಟ್ಟೇ ಓಡಾಡಬೇಕು. ಸರ್ಕಾರಿ ಬಸ್ಸು ಬಂದ ದಾರಿಯಲ್ಲಿ ಖಾಸಗಿಯವರು ಮುಚ್ಚಿಕೊಂಡು ಹೋಗುತ್ತಾರೆ. ಇದಕ್ಕೆ ಪರಿಹಾರವಿದೆಯೇ?
— ನಿವೃತ್ತ ಶಿಕ್ಷಕರು, ಕೊಪ್ಪ

ಉತ್ತರ: ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ ಸಹಕಾರ ಸಾರಿಗೆಯನ್ನು ಕಂಡ ಊರಿನಿಂದ ಈ ಪ್ರಶ್ನೆ ಬಂದಿರುವುದು ಸಹಜ. ಅದು 2020ರಲ್ಲಿ ನಿಂತದ್ದು ಶಕ್ತಿ ಯೋಜನೆಗೆ ಮುಂಚೆಯೇ, ಆದ್ದರಿಂದ ಅದರ ಹೊಣೆಯನ್ನು ಈ ಯೋಜನೆಯ ಮೇಲೆ ಹೊರಿಸಲಾಗದು. ಆದರೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ವಿನ್ಯಾಸದಲ್ಲಿ ಒಂದು ಕೊರತೆ ಇದೆ ಎಂಬ ನಿಮ್ಮ ಮಾತು ಸರಿ. ಅಲ್ಲಿ ಹಕ್ಕು ಸಿಕ್ಕಿದ್ದು ಪ್ರಯಾಣಿಕಳಿಗಾದರೂ, ಅದು ಚಲಾವಣೆಯಾಗುವುದು ಬಸ್ಸಿನ ಒಡೆತನ ಯಾರದ್ದು ಎಂಬುದರ ಮೇಲೆ.

ಯುರೋಪಿನ ನ್ಯಾಯಾಲಯ 2003ರಲ್ಲಿ ಇಂಥದ್ದೇ ಪ್ರಶ್ನೆಯನ್ನು ಎದುರಿಸಿತು, ಅದೂ ಬಸ್ಸಿನ ವಿಷಯದಲ್ಲೇ. ಜರ್ಮನಿಯ ಸ್ಟೆಂಡಾಲ್ ಜಿಲ್ಲೆಯಲ್ಲಿ ಆಲ್ಟ್‌ಮಾರ್ಕ್ ಎಂಬ ಸಂಸ್ಥೆಗೆ ಬಸ್ ಓಡಿಸಲು ಪರವಾನಗಿ ಮತ್ತು ಸರ್ಕಾರದ ಸಹಾಯಧನ ಸಿಕ್ಕಿದ್ದನ್ನು ಪ್ರತಿಸ್ಪರ್ಧಿ ಪ್ರಶ್ನಿಸಿತ್ತು. ಸಾರ್ವಜನಿಕ ಸೇವೆಗೆ ಕೊಡುವ ಹಣ ಪೈಪೋಟಿಯನ್ನು ಕೆಡಿಸುವ ಸಹಾಯಧನ ಎನಿಸಿಕೊಳ್ಳದಿರಲು ನ್ಯಾಯಾಲಯ ನಾಲ್ಕು ಷರತ್ತು ಹಾಕಿತು. ಸೇವೆಯ ಹೊಣೆ ಏನೆಂಬುದು ಸ್ಪಷ್ಟವಾಗಿರಬೇಕು. ಪರಿಹಾರದ ಲೆಕ್ಕ ಮೊದಲೇ, ಪಾರದರ್ಶಕವಾಗಿ ಗೊತ್ತಾಗಿರಬೇಕು. ಅದು ಖರ್ಚು ಮತ್ತು ನ್ಯಾಯವಾದ ಲಾಭವನ್ನು ಮೀರಬಾರದು. ಟೆಂಡರ್ ಮೂಲಕ ಆಯ್ಕೆ ಮಾಡಬೇಕು, ಇಲ್ಲವೇ ಚೆನ್ನಾಗಿ ನಡೆಯುವ ಸಂಸ್ಥೆಯೊಂದರ ಖರ್ಚನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಈ ತತ್ವವನ್ನು ಮಲೆನಾಡಿಗೆ ಅನ್ವಯಿಸಿದರೆ, ಸರ್ಕಾರಿ ಬಸ್ಸು ಇಲ್ಲದ ದಾರಿಗಳನ್ನು ಗುರುತಿಸಿ, ಆ ದಾರಿಯಲ್ಲಿ ಉಚಿತವಾಗಿ ಮಹಿಳೆಯರನ್ನು ಕರೆದೊಯ್ಯಲು ಕಿಲೋಮೀಟರಿಗೆ ಎಷ್ಟು ಕೇಳುತ್ತೀರಿ ಎಂದು ಖಾಸಗಿಯವರಿಂದಲೂ ಸಹಕಾರಿಗಳಿಂದಲೂ ಟೆಂಡರ್ ಕರೆಯಬಹುದು. ಟಿಕೆಟ್ಟಿನ ಲೆಕ್ಕದಲ್ಲಿ ಹಣ ಕೊಟ್ಟರೆ ಇಲ್ಲದ ಪ್ರಯಾಣಿಕರ ಹೆಸರಿನಲ್ಲಿ ಟಿಕೆಟ್ ಹರಿಯುವ ಭಯವಿದೆ. ಕಿಲೋಮೀಟರಿನ ಲೆಕ್ಕವನ್ನು ಜಿಪಿಎಸ್ ಮೂಲಕ ಪರಿಶೀಲಿಸುವುದು ಸುಲಭ. ಟೆಂಡರ್ ಕರೆದ ಮಾತ್ರಕ್ಕೆ ಪೈಪೋಟಿ ಹುಟ್ಟುವುದಿಲ್ಲ ಎಂಬ ಎಚ್ಚರವೂ ಬೇಕು. ಇಂಡೊನೇಷ್ಯಾದಲ್ಲಿ ರಿಯಾಯಿತಿ ಅಕ್ಕಿಯ ವಿತರಣೆಗೆ ಖಾಸಗಿಯವರೂ ಸ್ಪರ್ಧಿಸಲು ಅವಕಾಶ ಕೊಡುವ ಪ್ರಯೋಗ 572 ಊರುಗಳನ್ನು ಒಳಗೊಂಡು ನಡೆಯಿತು. ಗುಣಮಟ್ಟ ಕೆಡದೆ ವಿತರಣೆಯ ಖರ್ಚು ಇಳಿಯಿತು, ಕನಿಷ್ಠ ಇಷ್ಟು ಮಂದಿ ಬಿಡ್ ಹಾಕಲೇಬೇಕು ಎಂಬ ನಿಯಮ ಪೈಪೋಟಿಯನ್ನು ಹೆಚ್ಚಿಸಿತು.

ಪ್ರಶ್ನೆ: ನಮ್ಮಲ್ಲಿ ಎಲ್ಲ ವರ್ತಕರೂ ಒಂದೇ ದರ ಹೇಳುತ್ತಾರೆ. ಇದರ ಬಗ್ಗೆ ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದೇ? ಕೊಟ್ಟರೆ ಪ್ರಯೋಜನವಿದೆಯೇ?
— ಇದೇ ಅರ್ಥದ ಪ್ರಶ್ನೆ ಅರಸೀಕೆರೆಯ ಕೊಬ್ಬರಿ ಬೆಳೆಗಾರರಿಂದಲೂ ಸಕಲೇಶಪುರದ ಸಣ್ಣ ಕಾಫಿ ಬೆಳೆಗಾರರಿಂದಲೂ ಬಂದಿದೆ

ಉತ್ತರ: ಒಂದೇ ದರ ಇದ್ದ ಮಾತ್ರಕ್ಕೆ ಒಳಒಪ್ಪಂದವಿದೆ ಎಂದಾಗುವುದಿಲ್ಲ. ಹತ್ತು ಮಂದಿ ನಿಜವಾಗಿ ಸ್ಪರ್ಧಿಸುತ್ತಿದ್ದರೂ ದರ ಒಂದೇ ಆಗಬಹುದು, ಏಕೆಂದರೆ ಕಾಫಿಯ ವಿಷಯದಲ್ಲಿ ಅವರೆಲ್ಲರೂ ಬೆಳಿಗ್ಗೆ ನೋಡುವುದು ಅದೇ ಅಂತರರಾಷ್ಟ್ರೀಯ ದರವನ್ನು. ಕಾನೂನು ತಡೆಯುವುದು ಒಪ್ಪಂದವನ್ನು. ಸ್ಪರ್ಧಾ ಕಾಯ್ದೆಯ 3ನೇ ಕಲಮು ಮಾರಾಟದ ದರವನ್ನು ಮಾತ್ರವಲ್ಲದೆ ಖರೀದಿಯ ದರವನ್ನು ಕೂಡಿ ನಿಗದಿಪಡಿಸುವುದನ್ನೂ ನಿಷೇಧಿಸುತ್ತದೆ. ರೈತರಿಗೆ ಇದು ಬಹಳ ಮುಖ್ಯ, ಆದರೆ ಹೆಚ್ಚಿನವರಿಗೆ ತಿಳಿದಿಲ್ಲ. ಈ ಕಾಯ್ದೆಯನ್ನು ಜಾರಿಗೊಳಿಸುವ ಭಾರತೀಯ ಸ್ಪರ್ಧಾ ಆಯೋಗ 2012ರಲ್ಲಿ 11 ಸಿಮೆಂಟ್ ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ವಿಧಿಸಿದ್ದನ್ನು ಕಂಡು ಇದು ದೊಡ್ಡವರ ವ್ಯವಹಾರ ಎಂದುಕೊಳ್ಳಬೇಕಿಲ್ಲ, ಔಷಧ ವರ್ತಕರ ಸಂಘಗಳ ವಿರುದ್ಧವೂ ಅದು ಹಲವು ಆದೇಶಗಳನ್ನು ನೀಡಿದೆ.

ಕಾಫಿಯ ಬೆಳೆಗಾರರಿಗೆ ಏಕೈಕ ಖರೀದಿದಾರರೆಂದರೆ ಏನೆಂದು ವಿವರಿಸಬೇಕಿಲ್ಲ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಬೆಳೆಯ ಒಟ್ಟು ಸಂಗ್ರಹಕ್ಕೆ) ಹಾಕಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲ 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಈಗ ಕೊಳ್ಳುವವರು ಹಲವರಿದ್ದಾರೆ. ಆದರೂ ಸಣ್ಣ ಬೆಳೆಗಾರರ ನಷ್ಟ ಹೆಚ್ಚಾಗಿ ಆಗುವುದು ಫಲಕದ ಮೇಲಿನ ದರದಲ್ಲಲ್ಲ, ಔಟ್‌ಟರ್ನ್‌ನಲ್ಲಿ. 50 ಕಿಲೋ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಮೂಟೆಯಿಂದ ಎಷ್ಟು ಕಿಲೋ ಬೀಜ ಬರುತ್ತದೆ ಎಂಬ ಆ ಅಳತೆ 27 ಇರುವ ಕಡೆ 26 ಎಂದು ಬರೆದರೆ, ದರ ಎಷ್ಟೇ ಚೆನ್ನಾಗಿದ್ದರೂ ಕೈಗೆ ಬರುವ ಹಣ ಶೇ 4ರಷ್ಟು ಕಡಿಮೆಯಾಗುತ್ತದೆ.

ಆ ಶೇ 4 ಎಷ್ಟು ದೊಡ್ಡದೆಂದು ತಿಳಿಯಲು ಇನ್ನೊಂದು ಸಂಶೋಧನೆಯನ್ನು ನೋಡಬೇಕು. ಕರ್ನಾಟಕ ತನ್ನ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ವೇದಿಕೆಗೆ ಸೇರಿಸಿ, ಒಬ್ಬರ ಬಿಡ್ ಇನ್ನೊಬ್ಬರಿಗೆ ಕಾಣದಂತೆ ವ್ಯಾಪಾರ ನಡೆಸಲು ತೊಡಗಿದ್ದನ್ನು ರೆಟ್ಸೆಫ್ ಲೆವಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟವಾದ ಲೇಖನದಲ್ಲಿ ಪರಿಶೀಲಿಸಿದರು. ಭತ್ತದ ದರ ಶೇ 5.1, ನೆಲಗಡಲೆಯದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಏರಿತ್ತು, ಕೆಲವು ಬೆಳೆಗಳಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಒಂದು ರಾಜ್ಯದ ಇಡೀ ಮಾರುಕಟ್ಟೆ ಸುಧಾರಣೆ ರೈತರಿಗೆ ತಂದುಕೊಟ್ಟಷ್ಟು ಹಣವನ್ನು ಔಟ್‌ಟರ್ನ್‌ನ ಒಂದೇ ಅಂಕಿ ಕಸಿದುಕೊಳ್ಳಬಲ್ಲದು. ಹಾಗಾಗಿ ಸಕಲೇಶಪುರದವರು ಮೊದಲು ಕೇಳಬೇಕಾದದ್ದು, ಬೆಳೆಗಾರರ ಸಂಘದ ಸ್ವಂತದ್ದಾದ ಅಥವಾ ಕಾಫಿ ಮಂಡಳಿಯ ಉಸ್ತುವಾರಿಯ ಔಟ್‌ಟರ್ನ್ ಮತ್ತು ತೇವಾಂಶದ ಪರೀಕ್ಷೆ ಹೋಬಳಿ ಮಟ್ಟದಲ್ಲಿ ಬೇಕೆಂಬುದನ್ನು.

ಅರಸೀಕೆರೆಯವರಿಗೆ ನನ್ನ ಉತ್ತರ ಸ್ವಲ್ಪ ಬೇರೆ. ಕೀನ್ಯಾದಲ್ಲಿ ಲಾರೆನ್ ಬರ್ಗ್‌ಕ್ವಿಸ್ಟ್ ಮತ್ತು ಮೈಕೆಲ್ ಡೈನರ್‌ಸ್ಟೈನ್ ನಡೆಸಿದ ಪ್ರಯೋಗದಲ್ಲಿ ಧಾನ್ಯದ ವರ್ತಕರಿಗೆ ಖರ್ಚು ಕಡಿಮೆ ಮಾಡಿಕೊಟ್ಟರೂ ಅದರ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಗಿರಾಕಿಗಳಿಗೆ ಇಳಿಯಿತು. ಹೊಸ ವರ್ತಕರನ್ನು ಮಾರುಕಟ್ಟೆಗೆ ತಂದರೂ ಅವರು ಹಳಬರೊಂದಿಗೆ ಹೊಂದಿಕೊಂಡಂತೆ ಕಂಡಿತು. ಅಂದರೆ ಅದೇ ಮಂಡಿಯಲ್ಲಿ ಇನ್ನೊಬ್ಬ ವರ್ತಕ ಬಂದರೆ ಸಾಲದು, ರೈತರಿಗೆ ಇನ್ನೊಂದು ದಾರಿ ಬೇಕು. ಭಾರತದ ಮಂಡಿಗಳ ಬಗ್ಗೆ ಶೌಮಿತ್ರ ಚಟರ್ಜಿ ಮಾಡಿದ ಅಧ್ಯಯನ ಇದನ್ನೇ ಹೇಳುತ್ತದೆ: ತಲುಪಬಹುದಾದ ಬೇರೆ ಮಂಡಿಗಳು ಹೆಚ್ಚಿರುವ ಕಡೆ ರೈತರಿಗೆ ಸಿಗುವ ದರ ಸ್ಪಷ್ಟವಾಗಿ ಮೇಲಿರುತ್ತದೆ. ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಆ ಖರೀದಿ ಕೇಂದ್ರದ ನಿಜವಾದ ಉಪಯೋಗ ಅಲ್ಲಿ ಮಾರಿದವರಿಗಷ್ಟೇ ಸೀಮಿತವಲ್ಲ. ಅದು ಸರಿಯಾದ ಸಮಯಕ್ಕೆ ತೆರೆದು, ಹಣ ತಡವಿಲ್ಲದೆ ಕೊಟ್ಟರೆ, ಆಂಧ್ರದ ಕೂಲಿಯ ವಿಷಯದಲ್ಲಿ ಆದಂತೆ, ಖಾಸಗಿಯವರೂ ಆ ಮಟ್ಟಕ್ಕೆ ಏರಬೇಕಾಗುತ್ತದೆ. ತಡವಾಗಿ ತೆರೆಯುವ ಕೇಂದ್ರದಿಂದ ಆ ಒತ್ತಡ ಹುಟ್ಟುವುದಿಲ್ಲ.

ಇನ್ನು ದೂರಿನ ವಿಷಯ. ಆಯೋಗಕ್ಕೆ ಯಾವುದೇ ವ್ಯಕ್ತಿ ಅಥವಾ ಸಂಘ ಶುಲ್ಕ ಕಟ್ಟಿ ಮಾಹಿತಿ ಸಲ್ಲಿಸಬಹುದು; ಹೆಸರನ್ನು ಗೋಪ್ಯವಾಗಿಡಬೇಕೆಂದು ಕೋರುವುದಕ್ಕೂ ಅವಕಾಶವಿದೆ. ಬರೀ ದರ ಒಂದೇ ಇತ್ತು ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಇಂಥ ದಿನದಿಂದ ಎಲ್ಲರೂ ಇದೇ ದರ ಹಾಕಬೇಕೆಂದು ವರ್ತಕರ ಸಂಘ ಹೊರಡಿಸಿದ ಸುತ್ತೋಲೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸೂಚನೆ, ಹೆಚ್ಚು ದರ ಕೊಟ್ಟ ವರ್ತಕರಿಗೆ ಸಂಘ ಹಾಕಿದ ದಂಡ ಅಥವಾ ಬಹಿಷ್ಕಾರ, ಇಂಥವು ಬೇಕು. ಅವು ಸಿಗುವವರೆಗೆ ಪ್ರತಿ ಸಂತೆಯ ದಿನ ಯಾವ ಮಂಡಿಯಲ್ಲಿ ಯಾರು ಎಷ್ಟು ದರ ಹೇಳಿದರು, ಎಷ್ಟು ತೂಕ ಬರೆದರು ಎಂಬುದನ್ನು ಸಂಘದ ಪುಸ್ತಕದಲ್ಲಿ ದಿನಾಂಕ ಸಮೇತ ದಾಖಲಿಸಿ, ಬಿಲ್ಲಿನ ಪ್ರತಿಯನ್ನು ಲಗತ್ತಿಸಿ ಇಟ್ಟುಕೊಳ್ಳಿ.